ಇಂದಿನ ಹಾಡುಗಳನ್ನು ಮಧ್ಯಯುಗದ ಗಾಯನಕ್ರಮಕ್ಕೆ ಅಳವಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಮತ್ತು ಉಡುಪಿಯ ಇಗರ್ಜಿಗಳ ಗಾಯನ ಮಂಡಳಿಗಳಲ್ಲಿ ಹಾಡುವವರು, ಕಾಲೇಜಿನ ಸಂಗೀತ ತಂಡಗಳಲ್ಲಿರುವವರು ಹಾಗೂ ಮನೆಯಲ್ಲೇ ಧ್ವನಿಮುದ್ರಣ ಮಾಡುವ ಯುವಕ ಯುವತಿಯರು ಈ ವಿಷಯದಲ್ಲಿ ನಮ್ಮ ಚಿಕ್ಕ ಬಳಗಕ್ಕೆ ಹಲವು ಪ್ರಶ್ನೆಗಳನ್ನು ಕೇಳುತ್ತಿರುತ್ತಾರೆ. ಅವುಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಪುಟವನ್ನು ಬರೆಯಲಾಗಿದೆ. ಸ್ವರಗಳ ಹೆಸರು ತಿಳಿದಿದ್ದರೆ ಸಾಕು. ಪಾಶ್ಚಾತ್ಯ ಸಂಗೀತದ ಪೂರ್ವಪರಿಚಯ ಇರಲೇಬೇಕೆಂದಿಲ್ಲ.

ಇಲ್ಲಿ ಹೇಳುವ ಮಧ್ಯಯುಗದ ಗಾಯನ ಯಾವುದು?

ಮುಖ್ಯವಾಗಿ ಗ್ರೆಗೋರಿಯನ್ ಗಾಯನ. ಪಶ್ಚಿಮ ಯುರೋಪಿನ ಕ್ರೈಸ್ತ ಮಠಗಳಲ್ಲಿ ಮತ್ತು ದೇವಾಲಯಗಳಲ್ಲಿ ಲ್ಯಾಟಿನ್ ಪ್ರಾರ್ಥನೆಗಳನ್ನು ವಾದ್ಯವಿಲ್ಲದೆ, ತಾಳದ ಕಟ್ಟಿಲ್ಲದೆ, ಎಲ್ಲರೂ ಒಂದೇ ರಾಗವನ್ನು ಒಟ್ಟಿಗೆ ಹಾಡುತ್ತಿದ್ದ ಕ್ರಮವದು. 590ರಿಂದ 604ರವರೆಗೆ ಪೋಪ್ ಆಗಿದ್ದ ಮೊದಲನೆಯ ಗ್ರೆಗರಿಯ ಹೆಸರು ಅದಕ್ಕೆ ಅಂಟಿಕೊಂಡಿದೆಯಾದರೂ, ಇಂದು ನಮಗೆ ದೊರೆತಿರುವ ರೂಪವು 8 ಮತ್ತು 9ನೇ ಶತಮಾನಗಳಲ್ಲಿ ರೋಮಿನ ಹಾಡುಗಾರಿಕೆಯೂ ಫ್ರಾಂಕರ ನಾಡಿನ ಹಾಡುಗಾರಿಕೆಯೂ ಬೆರೆತು ಮೂಡಿದ್ದು. ಕಾಲಾಂತರದಲ್ಲಿ ಕೆಟ್ಟುಹೋಗಿದ್ದ ಅದರ ಪಾಠಗಳನ್ನು ಫ್ರಾನ್ಸಿನ ಸೊಲೆಮ್ ಮಠದ ಸನ್ಯಾಸಿಗಳು 19ನೇ ಶತಮಾನದಲ್ಲಿ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ನೋಡಿ ಸರಿಪಡಿಸಿದರು. ಇಂದು ನಾವು ಹಾಡುವುದು ಬಹುಪಾಲು ಅವರ ಶ್ರಮದ ಫಲ.

ನಮ್ಮ ಊರಿನಲ್ಲಿ ಇದನ್ನು ಬಾಸೆಲ್ ಮಿಷನ್ನಿನ ಸ್ತುತಿಗೀತೆಗಳೊಂದಿಗೆ ಬೆರೆಸಿಕೊಳ್ಳುವವರು ಹಲವರಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನರಿಗಳ ಪರಂಪರೆಯಲ್ಲಿ ಕನ್ನಡ ಗೀತೆಗಳನ್ನು ನಾಲ್ಕು ಧ್ವನಿಗಳಲ್ಲಿ, ಅಳತೆಯ ಲಯದಲ್ಲಿ ಹಾಡುತ್ತಾರೆ. ಅದೂ ಸುಂದರವಾದದ್ದೇ, ಆದರೆ ಅದು ಬೇರೆ ಕಾಲದ, ಬೇರೆ ರಚನೆಯ ಸಂಗೀತ.

ಯಾವುದಾದರೂ ಹಾಡಿಗೆ ಪ್ರತಿಧ್ವನಿ ಸೇರಿಸಿ, ನಾಲ್ಕು ಲ್ಯಾಟಿನ್ ಪದ ಹಾಕಿದರೆ ಸಾಲದೇ?

ಸಾಲದು. ಸ್ಪೇನಿನ ಸಾಂತೊ ದೊಮಿಂಗೊ ದೆ ಸಿಲೋಸ್ ಮಠದ ಸನ್ಯಾಸಿಗಳ ಧ್ವನಿಮುದ್ರಣವು 1994ರಲ್ಲಿ ಜಗತ್ತಿನಾದ್ಯಂತ ಮಾರಾಟವಾದ ಮೇಲೆ, ಈ ಗಾಯನ ಎಂದರೆ ಮಂಜು ಕವಿದಂತಹ ಒಂದು ನಾದ ಎಂಬ ಭಾವನೆ ಬಲವಾಗಿ ಬೇರೂರಿತು. 1999ರ ಹೊತ್ತಿಗೆ ಪಾಪ್ ಹಾಡುಗಳನ್ನೇ ಈ ಬಗೆಯಲ್ಲಿ ಹಾಡುವ ಜರ್ಮನ್ ತಂಡವೊಂದು ಹೆಸರಾಯಿತು. ಅಲ್ಲಿ ಡ್ರಮ್ಸ್, ಗಿಟಾರ್, ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳೆಲ್ಲ ಹಾಗೆಯೇ ಉಳಿದು, ಹಾಡುವ ದನಿಗಳು ಮಾತ್ರ ಮಠದವರಂತೆ ಕೇಳಿಸುತ್ತವೆ. ಅದನ್ನು ಮೆಚ್ಚುವವರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಈ ಗಾಯನದ ಜೀವ ನಾದದ ಬಣ್ಣದಲ್ಲಿಲ್ಲ. ಪದ ಮುಂದೆ ನಡೆದು ರಾಗ ಅದರ ಹಿಂದೆ ಹೋಗುವುದರಲ್ಲಿದೆ. ಆದ್ದರಿಂದ ಅಳವಡಿಕೆಯ ಕೆಲಸವನ್ನು ಕೀಬೋರ್ಡಿನ ಮುಂದೆ ಕುಳಿತು ಆರಂಭಿಸಬಾರದು. ಹಾಡಿನ ಸಾಹಿತ್ಯವನ್ನು ಕಾಗದದ ಮೇಲೆ ಬರೆದು, ರಾಗವನ್ನು ಪೂರ್ತಿ ಮರೆತು, ಅರ್ಥ ತಿಳಿಯುವಂತೆ ಗಟ್ಟಿಯಾಗಿ ಓದುವುದೇ ಮೊದಲ ಹೆಜ್ಜೆ. ಎಲ್ಲಿ ಉಸಿರು ನಿಲ್ಲುತ್ತದೆ, ಯಾವ ಅಕ್ಷರದ ಮೇಲೆ ದನಿ ಏರುತ್ತದೆ ಎಂಬುದನ್ನು ಗುರುತು ಹಾಕಿಕೊಂಡರೆ ಅಳವಡಿಕೆಯ ಅರ್ಧದಷ್ಟು ನಿರ್ಧಾರಗಳು ಅಲ್ಲಿಯೇ ಆಗಿರುತ್ತವೆ.

ಅರ್ಥವಿಲ್ಲದ ಹುಸಿ ಲ್ಯಾಟಿನ್ ಬೇಡವೇ ಬೇಡ. ಕನ್ನಡದ ಹಾಡನ್ನು ಕನ್ನಡದಲ್ಲೇ ಹಾಡಿ.

ಎಲ್ಲ ಹಾಡುಗಳೂ ಇದಕ್ಕೆ ಒಗ್ಗುತ್ತವೆಯೇ?

ಒಗ್ಗುವುದಿಲ್ಲ. ಲಯದ ಕುಣಿತವೇ ಮುಖ್ಯವಾಗಿರುವ ಹಾಡಿನಿಂದ ಲಯವನ್ನು ತೆಗೆದರೆ ಏನೂ ಉಳಿಯುವುದಿಲ್ಲ. ಸಾಹಿತ್ಯ ಗಟ್ಟಿಯಾಗಿದ್ದು, ಸಾಲುಗಳು ಮಧ್ಯದಲ್ಲಿ ಸಹಜವಾಗಿ ಎರಡಾಗಿ ಒಡೆಯುವಂತಿದ್ದು, ರಾಗವು ಹೆಚ್ಚಾಗಿ ಅಕ್ಕಪಕ್ಕದ ಸ್ವರಗಳಲ್ಲೇ ಸಂಚರಿಸುವಂತಿದ್ದರೆ ಅಂತಹ ಹಾಡು ಚೆನ್ನಾಗಿ ಒಗ್ಗುತ್ತದೆ. ಮಳೆ, ವಿರಹ, ಕಾಯುವಿಕೆ, ಊರಿನ ನೆನಪು ಮುಂತಾದ ವಿಷಯಗಳ ನಿಧಾನಗತಿಯ ಚಿತ್ರಗೀತೆಗಳು ಮತ್ತು ಭಾವಗೀತೆಗಳು ಹೊಸಬರಿಗೆ ಒಳ್ಳೆಯ ಆರಂಭ. ಧ್ವನಿವ್ಯಾಪ್ತಿಯನ್ನೂ ನೋಡಿಕೊಳ್ಳಬೇಕು. ಚಿತ್ರಗೀತೆಗಳು ಒಂದೂವರೆ ಸ್ಥಾಯಿಯನ್ನು ಸುಲಭವಾಗಿ ದಾಟುತ್ತವೆ, ಆದರೆ ಈ ಗಾಯನವು ಹೆಚ್ಚುಕಡಿಮೆ ಒಂದು ಸ್ಥಾಯಿಯೊಳಗೆ ಇರುತ್ತದೆ. ತಾರಸ್ಥಾಯಿಗೆ ಹಾರುವ ಕೊನೆಯ ಚರಣವನ್ನು ಕೆಳಗಿಳಿಸಿದಾಗ ಹಾಡು ಸೊರಗುವುದಾದರೆ ಅದನ್ನು ಕೈಬಿಡುವುದೇ ಮೇಲು.

ಹಾಡು ಯಾವ ಮೋಡ್‌ಗೆ ಸೇರುತ್ತದೆ ಎಂದು ತಿಳಿಯುವುದು ಹೇಗೆ?

ಮೋಡ್ ಎಂದರೆ ಹಾಡು ಬಳಸುವ ಸ್ವರಗಳ ಮತ್ತು ಅದು ಕೊನೆಗೆ ಬಂದು ನಿಲ್ಲುವ ಸ್ವರದ ಚೌಕಟ್ಟು. ಮಧ್ಯಯುಗದ ಶಾಸ್ತ್ರಕಾರರು ಎಂಟು ಮೋಡ್‌ಗಳನ್ನು ಎಣಿಸಿದರು. ನಾಲ್ಕು ನಿಲುಗಡೆಯ ಸ್ವರಗಳು, ಒಂದೊಂದಕ್ಕೂ ಮೇಲೆ ಹರಡುವ ಒಂದು ರೂಪ, ಕೆಳಗೂ ಇಳಿಯುವ ಇನ್ನೊಂದು ರೂಪ. ಕರ್ನಾಟಕ ಸಂಗೀತ ಬಲ್ಲವರಿಗೆ ಸ್ವರಗಳ ಮಟ್ಟಿಗೆ ಇದನ್ನು ಸುಲಭವಾಗಿ ಹೇಳಬಹುದು. ಡೋರಿಯನ್‌ನ ಸ್ವರಗಳು ಖರಹರಪ್ರಿಯದವು, ಫ್ರಿಜಿಯನ್‌ನವು ಹನುಮತೋಡಿಯವು, ಲಿಡಿಯನ್‌ನವು ಮೇಚಕಲ್ಯಾಣಿಯವು, ಮಿಕ್ಸೊಲಿಡಿಯನ್‌ನವು ಹರಿಕಾಂಭೋಜಿಯವು. ಇದು ಸ್ವರಗಳ ಹೋಲಿಕೆ ಮಾತ್ರ. ರಾಗದ ಸಂಚಾರವಾಗಲಿ ಗಮಕವಾಗಲಿ ಇಲ್ಲಿಗೆ ಬರುವುದಿಲ್ಲ.

ಇಂದಿನ ಹಾಡುಗಳಲ್ಲಿ ಬಹಳಷ್ಟು ಶಂಕರಾಭರಣದ ಅಥವಾ ನಠಭೈರವಿಯ ಸ್ವರಗಳಲ್ಲಿರುತ್ತವೆ. ಈ ಎರಡಕ್ಕೂ ಎಂಟರ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. 1547ರಲ್ಲಿ ಗ್ಲಾರಿಯನಸ್ ಎಂಬ ವಿದ್ವಾಂಸ ಮೋಡ್‌ಗಳನ್ನು ಹನ್ನೆರಡಕ್ಕೇರಿಸಿದಾಗ ಅವುಗಳಿಗೂ ಹೆಸರು ದೊರೆಯಿತು. ಆದರೂ ಅಡ್ಡಿಯಿಲ್ಲ. ಹಳೆಯ ಪದ್ಧತಿಯಲ್ಲೇ ಒಂದು ಸ್ವರವನ್ನು ತಗ್ಗಿಸಲು ಅನುಮತಿ ಇತ್ತು. ಲಿಡಿಯನ್‌ನಲ್ಲಿ ಆ ಸ್ವರವನ್ನು ತಗ್ಗಿಸಿದರೆ ಶಂಕರಾಭರಣದ ಸ್ವರಗಳು ಸಿಗುತ್ತವೆ, ಡೋರಿಯನ್‌ನಲ್ಲಿ ತಗ್ಗಿಸಿದರೆ ನಠಭೈರವಿಯವು. ಕೀರವಾಣಿಯ ಸ್ವರಗಳಲ್ಲಿರುವ ಹಾಡಿಗೆ ಮಾತ್ರ ಒಂದು ಶಸ್ತ್ರಚಿಕಿತ್ಸೆ ಅಗತ್ಯ: ಅದರ ಕಾಕಲಿ ನಿಷಾದವನ್ನು ಕೈಶಿಕಿ ನಿಷಾದಕ್ಕೆ ಇಳಿಸಬೇಕು. ಷಡ್ಜದತ್ತ ಎಳೆಯುವ ಆ ತೀವ್ರ ನಿಷಾದ ಇರುವವರೆಗೆ ಹಾಡು ಆಧುನಿಕವಾಗಿಯೇ ಕೇಳಿಸುತ್ತದೆ, ಉಳಿದ ಏನನ್ನು ಬದಲಿಸಿದರೂ ಅಷ್ಟೆ.

ಪಲ್ಲವಿ, ಚರಣಗಳನ್ನು ಏನು ಮಾಡಬೇಕು?

ಇದು ನಮಗೆ ಅತ್ಯಂತ ಪ್ರಿಯವಾದ ಭಾಗ. ಮಠಗಳಲ್ಲಿ ಬೈಬಲಿನ ಕೀರ್ತನೆಯೊಂದನ್ನು ಹಾಡುವಾಗ ಮೊದಲು ಆಂಟಿಫನ್ ಎಂಬ ಚಿಕ್ಕ ಹಾಡು ಬರುತ್ತದೆ; ಅನಂತರ ಕೀರ್ತನೆಯ ಸಾಲುಗಳನ್ನು ಒಂದು ಸಿದ್ಧ ಸೂತ್ರದಲ್ಲಿ, ಹೆಚ್ಚಿನ ಅಕ್ಷರಗಳನ್ನು ಒಂದೇ ಪಠಣ ಸ್ವರದ ಮೇಲೆ ನಿಲ್ಲಿಸಿ ಹೇಳುತ್ತಾರೆ; ಕೊನೆಗೆ ಆಂಟಿಫನ್ ಮರಳುತ್ತದೆ. ಪಲ್ಲವಿ ಮತ್ತು ಚರಣಕ್ಕೆ ಇದಕ್ಕಿಂತ ಒಪ್ಪುವ ಚೌಕಟ್ಟು ಬೇರೊಂದಿಲ್ಲ. ಪಲ್ಲವಿಯನ್ನು ಆಂಟಿಫನ್ ಆಗಿ ಇಟ್ಟುಕೊಂಡು ಮೂಲ ರಾಗದ ಏರಿಳಿತವನ್ನು ಉಳಿಸಿಕೊಳ್ಳಿ, ಏಕೆಂದರೆ ಕೇಳುಗರು ಹಾಡನ್ನು ಗುರುತಿಸುವುದು ಅಲ್ಲಿಯೇ. ಚರಣಗಳ ಮೂಲ ರಾಗವನ್ನು ಬಿಟ್ಟುಬಿಟ್ಟು, ಪಲ್ಲವಿ ಯಾವ ಮೋಡ್‌ನಲ್ಲಿದೆಯೋ ಅದೇ ಮೋಡ್‌ನ ಕೀರ್ತನಾ ಸೂತ್ರಕ್ಕೆ ಅವುಗಳನ್ನು ಹೊಂದಿಸಿ.

ಉದಾಹರಣೆಗಾಗಿ ನಾವೇ ರಚಿಸಿದ ಒಂದು ಸಾಲು: "ಸಂಜೆಯ ಮಳೆಗೆ ಕಾದು ನಿಂತೆನು, ಕಣ್ಣ ಬೆಳಕಲಿ ದಾರಿ ಕಂಡೆನು". ಎಂಟನೆಯ ಮೋಡ್‌ನ ಸೂತ್ರವನ್ನು ತೆಗೆದುಕೊಳ್ಳೋಣ. ಅದರ ನಿಲುಗಡೆಯ ಸ್ವರವನ್ನು ಷಡ್ಜ ಎಂದಿಟ್ಟುಕೊಂಡರೆ ಸ್ವರಗಳು ಹರಿಕಾಂಭೋಜಿಯವು, ಪಠಣ ಸ್ವರ ಮಧ್ಯಮ. "ಸಂ" ಷಡ್ಜ, "ಜೆ" ರಿಷಭ, "ಯ" ಮಧ್ಯಮ. ಇದು ಆರಂಭದ ಏರಿಕೆ. "ಮಳೆಗೆ ಕಾದು" ಎಂಬ ಐದು ಅಕ್ಷರಗಳೂ ಮಧ್ಯಮದಲ್ಲೇ ನಿಲ್ಲುತ್ತವೆ. "ನಿಂ" ಪಂಚಮಕ್ಕೆ ಏರಿ, "ತೆನು" ಮಧ್ಯಮಕ್ಕೆ ಮರಳುತ್ತದೆ. ಇಲ್ಲಿ ಒಂದು ನಿಜವಾದ ನಿಶ್ಶಬ್ದ ಬೇಕು, ಆತುರ ಸಲ್ಲದು. ಬಳಿಕ "ಕಣ್ಣ ಬೆಳಕಲಿ" ಪೂರ್ತಿ ಮಧ್ಯಮದಲ್ಲಿ, "ದಾ" ಗಾಂಧಾರ, "ರಿ" ಮಧ್ಯಮ, "ಕಂ" ರಿಷಭ, "ಡೆನು" ಷಡ್ಜ. ಆರಂಭದ ಏರಿಕೆ ಮೊದಲ ಸಾಲಿಗೆ ಮಾತ್ರ. ಮುಂದಿನ ಸಾಲುಗಳು ನೇರವಾಗಿ ಮಧ್ಯಮದಲ್ಲೇ ಶುರುವಾಗುತ್ತವೆ. ಸಾಲು ಉದ್ದವಾದರೆ ಪಠಣ ಸ್ವರದಲ್ಲಿ ನಿಲ್ಲುವ ಅಕ್ಷರಗಳು ಹೆಚ್ಚುತ್ತವೆ, ಗಿಡ್ಡವಾದರೆ ಕಡಿಮೆಯಾಗುತ್ತವೆ, ಸೂತ್ರ ಬದಲಾಗುವುದಿಲ್ಲ. ಒಮ್ಮೆ ಹಾಡಿ ನೋಡಿದರೆ ಕೈವಶವಾಗುತ್ತದೆ.

ಲ್ಯಾಟಿನ್‌ಗಾಗಿ ಹುಟ್ಟಿದ ಸೂತ್ರ ಕನ್ನಡಕ್ಕೆ ಹೊಂದುತ್ತದೆಯೇ?

ಹೊಂದುತ್ತದೆ, ಆದರೆ ಕಿವಿ ತೆರೆದಿಟ್ಟು ಕೆಲಸ ಮಾಡಬೇಕು. ಲ್ಯಾಟಿನ್ ಪದಗಳಲ್ಲಿ ಒಂದು ಅಕ್ಷರಕ್ಕೆ ಸ್ಪಷ್ಟವಾದ ಒತ್ತು ಇರುತ್ತದೆ ಮತ್ತು ಸೂತ್ರದ ತಿರುವುಗಳು ಆ ಒತ್ತಿನ ಮೇಲೆ ಬೀಳುತ್ತವೆ. ಕನ್ನಡದಲ್ಲಿ ಅಂತಹ ಒತ್ತು ಇಲ್ಲ. ಅದರ ಬದಲು ನಮಗೆ ಗುರು ಮತ್ತು ಲಘು ಇವೆ. ಆದ್ದರಿಂದ ತಿರುವನ್ನು ಗುರುವಿನ ಮೇಲೆ ಇಡುವುದು ನಮ್ಮ ನಿಯಮ. ಮೇಲಿನ ಸಾಲಿನಲ್ಲಿ "ನಿಂ" ಮತ್ತು "ಕಂ" ಎರಡೂ ಗುರು ಆಗಿರುವುದನ್ನು ಗಮನಿಸಿ. ಕನ್ನಡ ವಾಕ್ಯದ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ ಸೂತ್ರದ ಮುಕ್ತಾಯವು ತಾನಾಗಿಯೇ ಕ್ರಿಯಾಪದದ ಮೇಲೆ ಬೀಳುತ್ತದೆ, ಅರ್ಥವೂ ಸ್ವರವೂ ಒಟ್ಟಿಗೆ ಮುಗಿಯುತ್ತವೆ. ಇದು ನಮ್ಮ ಭಾಷೆಯಿಂದ ಒದಗಿದ ದೊಡ್ಡ ಅನುಕೂಲ.

ತೊಡಕು ಬರುವುದು ಪದದ ಕೊನೆಯ ಹ್ರಸ್ವ ಸ್ವರದಲ್ಲಿ. ಈ ಗಾಯನದಲ್ಲಿ ಸಾಲಿನ ಕೊನೆಯ ಅಕ್ಷರವನ್ನು ತುಸು ಎಳೆಯುವ ರೂಢಿ ಇದೆ. "ಬಂದೆ ನಾನು" ಎಂದು ಮುಗಿಯುವ ಸಾಲನ್ನು ಹಾಗೆ ಎಳೆದರೆ ಕೇಳುಗರ ಕಿವಿಗೆ "ಬಂದೆ ನಾನೂ" ಎಂದು ತಲುಪಿ ಅರ್ಥವೇ ಬದಲಾಗುತ್ತದೆ. ಹೀಗಿರುವಲ್ಲಿ ಎಳೆತವನ್ನು ಅದರ ಹಿಂದಿನ ದೀರ್ಘಾಕ್ಷರಕ್ಕೆ ವರ್ಗಾಯಿಸಿ, ಅಂದರೆ "ನಾ" ಮೇಲೆ ನಿಂತು, "ನು" ಅನ್ನು ಹಗುರವಾಗಿ ಇಳಿಸಿ ಬಿಡಬೇಕು.

ಇನ್ನೊಂದು ವಿಷಯ ಒತ್ತಕ್ಷರಗಳದ್ದು. "ಕಣ್ಣ" ಎಂಬುದನ್ನು ಬರೆಯುವಾಗ "ಕ", "ಣ್ಣ" ಎಂದು ಎರಡು ಅಕ್ಷರ. ಹಾಡುವಾಗ ಅದು "ಕಣ್", "ಣ". ಸ್ವರಗಳ ಕೆಳಗೆ ಸಾಹಿತ್ಯ ಬರೆಯುವಾಗ ಹಾಡುವ ವಿಭಾಗವನ್ನೇ ಬರೆಯಿರಿ, ಇಲ್ಲವಾದರೆ ಗುಂಪಿನಲ್ಲಿ ಕೆಲವರು ಅನುನಾಸಿಕವನ್ನು ಬೇಗ ಮುಟ್ಟುತ್ತಾರೆ, ಕೆಲವರು ತಡವಾಗಿ. ಮಧ್ಯಯುಗದ ಲಿಪಿಕಾರರೂ ಇದೇ ಸಮಸ್ಯೆಯನ್ನು ಎದುರಿಸಿದ್ದರು ಎಂಬುದು ಸಂತೋಷದ ಸಂಗತಿ. ಅಕ್ಷರವು ಮ, ನ, ಲ, ರ ಮುಂತಾದ ವ್ಯಂಜನಗಳಲ್ಲಿ ಮುಚ್ಚಿಕೊಳ್ಳುವ ಕಡೆ ಅವರು ಪುಟ್ಟ ಗಾತ್ರದ ವಿಶೇಷ ಚಿಹ್ನೆಯೊಂದನ್ನು ಬರೆಯುತ್ತಿದ್ದರು. ಸ್ವರ ಅಲ್ಲಿ ಕರಗುತ್ತಾ ವ್ಯಂಜನದೊಳಗೆ ಸೇರಬೇಕೆಂಬುದು ಅದರ ಸೂಚನೆ. "ಅಮ್ಮ", "ಬೆಳ್ಳಿ", "ಎಲ್ಲ", "ಸಂಜೆ" ಎಂಬಂತಹ ಪದಗಳು ತುಂಬಿರುವ ಕನ್ನಡಕ್ಕೆ ಆ ಚಿಹ್ನೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ನಾವು ಪ್ರತಿಯೊಂದು ಅಳವಡಿಕೆಯಲ್ಲೂ ಅದನ್ನು ಧಾರಾಳವಾಗಿ ಬಳಸುತ್ತೇವೆ.

ತುಳು ಮತ್ತು ಕೊಂಕಣಿ ಹಾಡುಗಳಿಗೂ ಇದೇ ಕ್ರಮವೇ?

ಹೌದು, ಸಣ್ಣ ವ್ಯತ್ಯಾಸಗಳೊಂದಿಗೆ. ತುಳುವಿನ ಅನೇಕ ಪದಗಳ ಕೊನೆಯಲ್ಲಿ ತುಟಿ ದುಂಡಾಗದ ಅರ್ಧ ಉಕಾರ ಬರುತ್ತದೆ. ಅದನ್ನು ಎಳೆದರೆ ಪೂರ್ತಿ ಉಕಾರವಾಗಿ ತುಳುವರ ಕಿವಿಗೆ ಚುಚ್ಚುತ್ತದೆ, ಆದ್ದರಿಂದ ಎಳೆತವನ್ನು ಹಿಂದಿನ ಅಕ್ಷರದಲ್ಲೇ ಮುಗಿಸಿ. ಕೊಂಕಣಿಯ ಅನುನಾಸಿಕ ಸ್ವರಗಳನ್ನು ಮಾತಿನಲ್ಲಿರುವಂತೆಯೇ ಹಾಡಿ. ಅವುಗಳನ್ನು ಮಕಾರವಾಗಿ ಮುಚ್ಚಬೇಡಿ.

ತಾಳವಿಲ್ಲದೆ ಗುಂಪು ಒಟ್ಟಾಗಿ ಹಾಡುವುದು ಹೇಗೆ?

ಒಟ್ಟಾಗಿ ಮಾತಾಡಲು ಕಲಿತರೆ ಸಾಕು. ಸಾಹಿತ್ಯವನ್ನು ಎಲ್ಲರೂ ಒಂದೇ ಸ್ವರದಲ್ಲಿ, ಒಂದೇ ಗತಿಯಲ್ಲಿ ಹೇಳಿ ಅಭ್ಯಾಸ ಮಾಡಿದ ಮೇಲೆಯೇ ರಾಗಕ್ಕೆ ಕೈಹಾಕಿ. ಅಕ್ಷರಗಳೆಲ್ಲ ಸಮವಾಗಿ ಗಡಿಯಾರದಂತೆ ಬೀಳಬಾರದು. ಪದದ ಒಳಗೆ ಓಟ, ಪದದ ಕೊನೆಗೆ ಸಣ್ಣ ಸಡಿಲ, ಸಾಲಿನ ಕೊನೆಗೆ ನಿಲುಗಡೆ. ಅಭ್ಯಾಸಕ್ಕೆ ಸಮಗತಿಯಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಬಳಸುವುದನ್ನು ನಾವು ಒಪ್ಪುವುದಿಲ್ಲ. ಮುಂದಾಳು ಕೈಯಿಂದ ತಾಳ ಹಾಕದೆ, ಪದಗುಚ್ಛದ ಏರಿಳಿತವನ್ನಷ್ಟೇ ತೋರಿಸಲಿ. ಉದ್ದದ ಪದಗುಚ್ಛದಲ್ಲಿ ಎಲ್ಲರೂ ಒಮ್ಮೆಲೇ ಉಸಿರೆಳೆಯದೆ ಸರದಿಯಂತೆ ಎಳೆದರೆ ನಾದ ಕಡಿಯುವುದಿಲ್ಲ. ಗುಂಪಿನಲ್ಲಿ ನಾಲ್ಕರಿಂದ ಎಂಟು ಮಂದಿ ಇದ್ದರೆ ಹದವಾಗಿರುತ್ತದೆ.

ಎಲ್ಲರೂ ಒಂದೇ ಸ್ವರ ಹಾಡಿದರೆ ಸಪ್ಪೆಯಾಗುವುದಿಲ್ಲವೇ? ಕೀಬೋರ್ಡ್ ಅಥವಾ ಶ್ರುತಿಪೆಟ್ಟಿಗೆ ಸೇರಿಸಬಹುದೇ?

ಸಪ್ಪೆ ಅನಿಸುವುದು ಸಾಮಾನ್ಯವಾಗಿ ಹಾಡುವವರು ಪದಗಳ ಅರ್ಥವನ್ನು ಮರೆತಾಗ. ಆದರೂ ಇನ್ನೊಂದು ಎಳೆ ಬೇಕೆನ್ನುವವರಿಗೆ ಮಧ್ಯಯುಗದಲ್ಲೇ ದಾರಿಯಿದೆ. 9ನೇ ಶತಮಾನದ ಗ್ರಂಥಗಳಲ್ಲಿ ವಿವರಿಸಿರುವ ಆರ್ಗನಮ್ ಎಂಬ ಕ್ರಮದಲ್ಲಿ ಎರಡನೆಯ ದನಿಯು ಮೂಲ ರಾಗವನ್ನೇ ನಾಲ್ಕು ಅಥವಾ ಐದು ಸ್ವರಗಳ ಅಂತರದಲ್ಲಿ ಸಮಾನಾಂತರವಾಗಿ ಹಾಡುತ್ತದೆ. ಕೊನೆಯ ಪಲ್ಲವಿಗೆ ಮಾತ್ರ ಇದನ್ನು ಬಳಸಿದರೆ ಸೊಗಸು. ಮೂರನೆಯ ಸ್ವರದ ಅಂತರವನ್ನು ಸೇರಿಸಿದ ಕೂಡಲೇ ಅದು ಸ್ತುತಿಗೀತೆಯಾಗಿಬಿಡುತ್ತದೆ, ಆದ್ದರಿಂದ ಅದನ್ನು ದೂರವಿಡಿ. ಶ್ರುತಿಯಾಧಾರವಾಗಿ ಒಂದೇ ಸ್ವರವನ್ನು ಹಿಡಿದು ನಿಲ್ಲುವುದು ಪೂರ್ವದ ಕ್ರೈಸ್ತರ ಬೈಜಾಂಟಿಯನ್ ಪರಂಪರೆಯ ಪದ್ಧತಿ. ಶ್ರುತಿಪೆಟ್ಟಿಗೆಗೆ ಒಗ್ಗಿರುವ ನಮ್ಮ ಕಿವಿಗೆ ಅದು ಹಿತವಾಗಿರುತ್ತದೆ, ಬಳಸಿದರೆ ತಪ್ಪಿಲ್ಲ. ಕೀಬೋರ್ಡಿನ ಕಾರ್ಡ್‌ಗಳು ಬೇಡ. ಅವು ಬಂದರೆ ಹಾಡು ಮತ್ತೆ ತನ್ನ ಹಳೆಯ ಲಯಕ್ಕೆ ಜಾರುತ್ತದೆ.

ಶಾಸ್ತ್ರೀಯ ಸಂಗೀತ ಅಥವಾ ಚಿತ್ರಸಂಗೀತ ಕಲಿತವರು ಏನನ್ನು ಬದಲಿಸಿಕೊಳ್ಳಬೇಕು?

ಕರ್ನಾಟಕ ಸಂಗೀತದವರು ಗಮಕವನ್ನು ತಡೆಹಿಡಿಯಬೇಕು. ಚಿತ್ರಸಂಗೀತದವರು ಮೈಕಿಗೆಂದೇ ರೂಢಿಸಿಕೊಂಡ ಉಸಿರುಮಿಶ್ರಿತ ದನಿಯನ್ನೂ ಸಾಲಿನ ಕೊನೆಯ ಕಂಪನವನ್ನೂ ಬಿಡಬೇಕು. ಶ್ರುತಿಶುದ್ಧಿ ಮತ್ತು ಸ್ವರಜ್ಞಾನ ಎರಡೂ ಕಡೆಯವರಿಗೆ ಆಗಲೇ ಇರುವುದರಿಂದ ಉಳಿದದ್ದು ಬೇಗ ಬರುತ್ತದೆ. ಪಕ್ಕದವರ ದನಿಗಿಂತ ತನ್ನ ದನಿ ಪ್ರತ್ಯೇಕವಾಗಿ ಕೇಳಿಸಬಾರದು ಎಂಬ ಸಂಯಮವೇ ಎಲ್ಲರಿಗೂ ಕಷ್ಟದ ಪಾಠ.

ಇದು ಉಡುಪಿಯಲ್ಲಿ ನಾವು ಕೇಳುವ ವೇದಘೋಷದಂತೆಯೇ ಅಲ್ಲವೇ?

ಉಡುಪಿಯ ಮಠಗಳಲ್ಲಿ ವೇದಪಾರಾಯಣ ಕೇಳಿ ಬೆಳೆದವರು ಈ ಪ್ರಶ್ನೆ ಕೇಳುವುದು ಸಹಜ. ಹೆಚ್ಚಿನ ಅಕ್ಷರಗಳು ಒಂದು ಸ್ವರದ ಸುತ್ತ ನಿಲ್ಲುವುದು, ಪಠ್ಯವೇ ಪ್ರಧಾನವಾಗಿರುವುದು ಎರಡರಲ್ಲೂ ಕಾಣುತ್ತದೆ. ಆದರೆ ವೇದಪಠಣದಲ್ಲಿ ಉದಾತ್ತ, ಅನುದಾತ್ತ, ಸ್ವರಿತಗಳು ಆಯಾ ಅಕ್ಷರಕ್ಕೇ ಸೇರಿದವು. ಅವುಗಳನ್ನು ಬದಲಿಸುವ ಅಧಿಕಾರ ಪಠಿಸುವವನಿಗಿಲ್ಲ. ಕೀರ್ತನಾ ಸೂತ್ರವಾದರೋ ಯಾವ ಪಠ್ಯಕ್ಕಾದರೂ ಹೊಂದಿಕೊಳ್ಳುವ ಅಚ್ಚು. ಎರಡನ್ನೂ ಬೆರೆಸಿ ಹಾಡುವ ಪ್ರಯೋಗಗಳಿಂದ ನಾವು ದೂರವಿದ್ದೇವೆ. ಎರಡೂ ಇಂದಿಗೂ ಭಕ್ತರ ಬಾಯಲ್ಲಿ ಜೀವಂತವಾಗಿರುವುದರಿಂದ ಅವುಗಳಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಎಂಬುದು ನಮ್ಮ ನಿಲುವು.

ಇಂತಹ ಹಾಡನ್ನು ಇಗರ್ಜಿಯ ಬಲಿಪೂಜೆಯಲ್ಲಿ (ಕೆಥೊಲಿಕರ ಮುಖ್ಯ ಆರಾಧನೆಯಲ್ಲಿ) ಹಾಡಬಹುದೇ?

ಬೇಡ. ಕೆಥೊಲಿಕ್ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಆರಾಧನಾ ಸಂವಿಧಾನವು ಗ್ರೆಗೋರಿಯನ್ ಗಾಯನಕ್ಕೆ ರೋಮನ್ ಆರಾಧನೆಯಲ್ಲಿ ಅಗ್ರಸ್ಥಾನ ಕೊಟ್ಟಿದೆ ನಿಜ. ಆದರೆ ಆ ಸ್ಥಾನ ಪ್ರಾರ್ಥನೆಯ ಪಠ್ಯಕ್ಕೂ ಸೇರಿದ್ದು. ಪ್ರೇಮಗೀತೆಗೆ ಆ ಉಡುಗೆ ತೊಡಿಸಿದ ಮಾತ್ರಕ್ಕೆ ಅದು ಪ್ರಾರ್ಥನೆಯಾಗುವುದಿಲ್ಲ. 13ನೇ ಶತಮಾನದಲ್ಲಿ ಹಲವು ದನಿಗಳು ಒಟ್ಟಿಗೆ ಹಾಡುತ್ತಿದ್ದ ಮೋಟೆಟ್‌ಗಳಲ್ಲಿ ಕೆಳದನಿ ಪವಿತ್ರ ಗಾಯನದ ತುಣುಕನ್ನು ಹಾಡುತ್ತಿರುವಾಗಲೇ ಮೇಲಿನ ದನಿಗಳು ಫ್ರೆಂಚ್ ಪ್ರೇಮಗೀತೆ ಹಾಡುತ್ತಿದ್ದ ಉದಾಹರಣೆಗಳಿವೆ. ಲೌಕಿಕವೂ ಪವಿತ್ರವೂ ಸಂಗೀತದಲ್ಲಿ ಸಂಧಿಸುವುದು ಹೊಸದಲ್ಲ, ಆದರೆ ಅದಕ್ಕೆ ವೇದಿಕೆ, ಸಭಾಂಗಣ, ಮದುವೆಯ ಆರತಕ್ಷತೆ ಇವೆ. ಇಗರ್ಜಿಯ ಒಳಗೆ ಅಭ್ಯಾಸ ಮಾಡುವುದಿದ್ದರೂ ಧರ್ಮಗುರುಗಳಿಗೆ ಹಾಡಿನ ಸಾಹಿತ್ಯವನ್ನು ಮೊದಲೇ ತೋರಿಸಿ ಅನುಮತಿ ಪಡೆಯಿರಿ.

ಅಳವಡಿಕೆಯನ್ನು ಬರೆದಿಡುವುದು ಹೇಗೆ?

ನಾಲ್ಕು ಗೆರೆಗಳ ಮೇಲಿನ ಚೌಕಾಕಾರದ ಚಿಹ್ನೆಗಳನ್ನು ಕಲಿಯಲು ಹೆಚ್ಚು ಸಮಯ ಬೇಕಾಗುವುದಿಲ್ಲ. 11ನೇ ಶತಮಾನದಲ್ಲಿ ಇಟಲಿಯ ಅರೆಟ್ಸೊದ ಗ್ವಿಡೊ ಎಂಬ ಸನ್ಯಾಸಿ ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿಯನ್ನು ನೆಲೆಗೊಳಿಸಿದ್ದೇ ಹುಡುಗರು ಬೇಗ ಕಲಿಯಲೆಂದು. ಗ್ರೆಗೋರಿಯೊ ಎಂಬ ಉಚಿತ ತಂತ್ರಾಂಶ ಈ ಚಿಹ್ನೆಗಳನ್ನು ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದಲ್ಲಿ ತಾಳದ ಗೆರೆಗಳನ್ನು ಮರೆಮಾಡಿ, ಕಾಂಡವಿಲ್ಲದ ಸ್ವರಗಳಾಗಿಯೂ ಬರೆಯಬಹುದು. ಅದೂ ಬೇಡವೆಂದರೆ ಸಾಹಿತ್ಯದ ಮೇಲೆ ಸರಿಗಮ ಬರೆದು, ಸಾಲಿನ ಮಧ್ಯದ ನಿಲುಗಡೆಗೆ ನಕ್ಷತ್ರ ಚಿಹ್ನೆ ಹಾಕಿದರೂ ನಡೆಯುತ್ತದೆ. ನಮ್ಮ ಬಳಗದಲ್ಲಿ ಹೊಸಬರಿಗೆ ಕೊಡುವುದು ಇದನ್ನೇ.

ಧ್ವನಿಮುದ್ರಣ ಎಲ್ಲಿ, ಹೇಗೆ ಮಾಡಬೇಕು?

ಎತ್ತರದ ಮಾಡು, ಗಾರೆ ಬಳಿದ ಮುರಕಲ್ಲಿನ ಗೋಡೆ, ಬರಿಯ ನೆಲ ಇರುವ ಯಾವುದೇ ಹಳೆಯ ಸಭಾಂಗಣ ಉತ್ತಮ. ಪರದೆ, ಜಮಖಾನೆ, ಮೆತ್ತನೆಯ ಕುರ್ಚಿಗಳು ನಾದವನ್ನು ನುಂಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲವನ್ನೂ ಮುಳುಗಿಸುವುದರಿಂದ ಕರಾವಳಿಯಲ್ಲಿ ಈ ಕೆಲಸಕ್ಕೆ ಡಿಸೆಂಬರ್, ಜನವರಿಯ ಮುಂಜಾನೆಗಳೇ ಸೂಕ್ತ. ಫ್ಯಾನ್ ಹಾಕದೆಯೂ ಹಾಡಲು ಸಾಧ್ಯವಾಗುವ ದಿನಗಳು ಅವೇ. ಒಬ್ಬೊಬ್ಬರ ಬಾಯಿಗೂ ಮೈಕ್ ಹಿಡಿಯದೆ, ಅರ್ಧವೃತ್ತದಲ್ಲಿ ನಿಂತ ಗುಂಪಿನಿಂದ ಸ್ವಲ್ಪ ದೂರದಲ್ಲಿ ಒಂದು ಜೋಡಿ ಮೈಕ್ ಇಟ್ಟರೆ ದನಿಗಳು ಗಾಳಿಯಲ್ಲೇ ಬೆರೆಯುತ್ತವೆ. ತಂತ್ರಾಂಶದಿಂದ ಪ್ರತಿಧ್ವನಿ ಸೇರಿಸಲೇಬೇಕಾದರೆ, ಪ್ರತಿ ಪದವೂ ತಿಳಿಯುವಷ್ಟಕ್ಕೆ ನಿಲ್ಲಿಸಿ.

ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆಯೇ?

ಗಾಯನಕ್ರಮ ಯಾರ ಸ್ವತ್ತೂ ಅಲ್ಲ, ಆದರೆ ಹಾಡು ಹಾಗಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿಯ ಮರುಜೋಡಣೆಯು ರೂಪಾಂತರದ ವ್ಯಾಖ್ಯೆಯಲ್ಲೇ ಬರುತ್ತದೆ ಮತ್ತು ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಸಾಹಿತ್ಯಕ್ಕೂ ಸಂಗೀತಕ್ಕೂ ಹಕ್ಕು ಪ್ರತ್ಯೇಕವಾಗಿದ್ದು, ಕರ್ತೃವಿನ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ ಅದು ಉಳಿಯುತ್ತದೆ. ಹವ್ಯಾಸಿ ತಂಡವೊಂದು ಹಣ ಪಡೆಯದೆ ಪ್ರೇಕ್ಷಕರೆದುರು ನಡೆಸುವ ಪ್ರದರ್ಶನಕ್ಕೆ ಅದೇ ಕಾಯ್ದೆಯ 52ನೇ ಪ್ರಕರಣದಲ್ಲಿ ವಿನಾಯಿತಿ ಇದೆ, ಆದರೆ ಆ ವಿನಾಯಿತಿ ಧ್ವನಿಮುದ್ರಣ ಮಾಡಿ ಯೂಟ್ಯೂಬ್‌ಗೆ ಹಾಕುವುದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಪ್ರಕಟಿಸುವ ಉದ್ದೇಶವಿದ್ದರೆ ಸಂಗೀತ ಸಂಸ್ಥೆಗೂ ಗೀತರಚನಕಾರರಿಗೂ ಮೊದಲೇ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ, ಮತ್ತು ಮೂಲ ಕವಿಯ ಹಾಗೂ ಸಂಗೀತ ಸಂಯೋಜಕರ ಹೆಸರನ್ನು ನಿಮ್ಮ ಹೆಸರಿಗಿಂತ ಮೊದಲು ಹಾಕಿ. ಒಪ್ಪಿಗೆ ಸಿಗುವುದು ತಡವಾಗುವುದಾದರೆ ಆ ನಡುವೆ ಕರಾವಳಿಯ ಹೊಸ ಕವಿಗಳಿಂದ ಒಂದು ಕವಿತೆ ಬರೆಸಿ, ಅದನ್ನೇ ಈ ಕ್ರಮದಲ್ಲಿ ಹಾಡಲು ತೊಡಗಬಹುದು.